ಆರ್‌ಎ ಫ್ಯಾಕ್ಟರ್ ಪಾಸಿಟಿವ್, ಕಾಯಿಲೆ ಬೇರೆ: ಗಂಗಾವತಿ ಭಾಗದ ಒಂದು ಪ್ರಕರಣ ಅಧ್ಯಯನ

ಕೀಲುನೋವು ಎಂದು ಬಂದವರ ಕೈಯಲ್ಲಿ ‘ಆರ್‌ಎ ಫ್ಯಾಕ್ಟರ್ ಪಾಸಿಟಿವ್’ ಎಂಬ ಚೀಟಿ ಇದ್ದರೆ, ಅದು ರುಮಟಾಯ್ಡ್ ಸಂಧಿವಾತವೇ (ಕೀಲುಗಳ ಒಳಪದರಕ್ಕೆ ಉರಿಯೂತ ತರುವ ಕಾಯಿಲೆ) ಎಂದು ತೀರ್ಮಾನವಾಗಿಯೇ ಹೋಯಿತು ಎಂದುಕೊಳ್ಳುವ ರೂಢಿ ನಮ್ಮ ಕಡೆ ಬಲವಾಗಿದೆ. ಈ ಪ್ರಕರಣದಲ್ಲಿ ಆ ಚೀಟಿ ಸುಳ್ಳು ಹೇಳಲಿಲ್ಲ. ಅದು ಹೇಳದೇ ಇದ್ದದ್ದನ್ನು ಓದಿದವರು ಸೇರಿಸಿಕೊಂಡರು, ಅಷ್ಟರಲ್ಲಿ ಮೂತ್ರಪಿಂಡಕ್ಕೆ ಪೆಟ್ಟು ಬೀಳತೊಡಗಿತ್ತು.

ಇದು ಯಾರೊಬ್ಬರ ಕಡತವೂ ಅಲ್ಲ. ಕೊಪ್ಪಳ–ಬಳ್ಳಾರಿ ಭಾಗದಲ್ಲಿ ಎದುರಾಗುವಂಥ ಸನ್ನಿವೇಶವನ್ನು ಕಲಿಕೆಗಾಗಿ ಕಟ್ಟಿದ್ದು. ರೋಗಿಯ ಅಂಕಿಗಳು ಆ ಚಿತ್ರಕ್ಕೆ ಹೊಂದುವಂತೆ ಇಟ್ಟವು. ಮಾನದಂಡ, ಮಿತಿ, ವಿಧಾನಗಳು ಮಾತ್ರ ಬಳಕೆಯಲ್ಲಿ ಇರುವವೇ.

ಬಂದಾಗಿನ ಸ್ಥಿತಿ

ವಯಸ್ಸು 26, ತೂಕ 44 ಕೆ.ಜಿ. ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ನಾಟಿ, ಕಳೆ, ಕೊಯ್ಲು ಮಾಡಿಕೊಂಡಿದ್ದ ಹೆಣ್ಣುಮಗಳು. ಐದು ತಿಂಗಳಿಂದ ಎರಡೂ ಕೈಗಳ ಬೆರಳಗಂಟು, ಮಣಿಕಟ್ಟು, ಮೊಣಕಾಲಲ್ಲಿ ನೋವು, ಬಾವು. “ಮುಂಜಾನಿ ಎದ್ದಾಗ ಬೆರಳು ಮಡಚಾಕ ಬರಂಗಿಲ್ರೀ, ರೊಟ್ಟಿ ಬಡಿಯಾಕ ಆಗವಲ್ದು, ಹೊತ್ತೇರಿದ ಮ್ಯಾಲೆ ಒಂಚೂರು ಹಗೂರ ಆಕ್ಕೈತ್ರಿ” ಎಂಬುದು ಆಕೆಯ ಮಾತು. ಬೆಳಗಿನ ಬಿಗಿತ ಒಂದು ಗಂಟೆಗಿಂತ ಹೆಚ್ಚು ಉಳಿಯುತ್ತಿತ್ತು. ಉರಿಯೂತದ ಕೀಲುನೋವಿನ ಲಕ್ಷಣವೇ ಇದು. ದುಡಿದು ಸವೆದ ಕೀಲು ಸಂಜೆಗೆ ಹೆಚ್ಚು ನೋಯುತ್ತದೆ, ಉರಿಯೂತದ ಕೀಲು ಬೆಳಿಗ್ಗೆ.

ತಾಲ್ಲೂಕು ಕೇಂದ್ರದಲ್ಲಿ ಜೂನ್‌ನಲ್ಲಿ ಒಂದು ‘ಆರ್ಥ್ರೈಟಿಸ್ ಪ್ರೊಫೈಲ್’ ಮಾಡಿಸಿದ್ದರು. ಆರ್‌ಎ ಫ್ಯಾಕ್ಟರ್ ಪಾಸಿಟಿವ್ (ಎಷ್ಟು ಎಂಬ ಅಂಕಿ ಇಲ್ಲ), ಯೂರಿಕ್ ಆಮ್ಲ 4.8, ಎಎಸ್‌ಒ (ಗಂಟಲಿನ ಸ್ಟ್ರೆಪ್ ಸೋಂಕಿನ ಗುರುತು) ನೆಗೆಟಿವ್, ಚಿಕುನ್‌ಗುನ್ಯಾ ಐಜಿಎಂ (ಇತ್ತೀಚಿನ ಸೋಂಕಿನ ಪ್ರತಿಕಾಯ) ನೆಗೆಟಿವ್. ಆ ಪಟ್ಟಿಯಲ್ಲಿ ಮೂತ್ರ ಪರೀಕ್ಷೆ ಇರಲಿಲ್ಲ. ರುಮಟಾಯ್ಡ್ ಸಂಧಿವಾತ ಎಂದು ಬರೆದು ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮೆಥೋಟ್ರೆಕ್ಸೇಟ್ ವಾರಕ್ಕೆ 10 ಮಿ.ಗ್ರಾಂ, ನೋವಿನ ಮಾತ್ರೆ ಡೈಕ್ಲೋಫೆನಾಕ್ ದಿನಕ್ಕೆ ಎರಡು ಹೊತ್ತು ಶುರುಮಾಡಲಾಗಿತ್ತು. ಐದು ವಾರ ಕಳೆದರೂ ನೋವು ಇಳಿಯದೆ, ಪಾದ ಬಾತುಕೊಂಡ ಮೇಲೆ ಬಳ್ಳಾರಿಗೆ ಕಳಿಸಿದರು.

ಬಳ್ಳಾರಿಯಲ್ಲಿ ಮೊದಲು ಕೇಳಿದ್ದು ಔಷಧಿಯ ಚರಿತ್ರೆ. “ಯವ್ವಾ, ಇದರ ಹಿಂದ ಎಲ್ಲ್ಯರ ನೋವಿನ ಪುಡಿ, ಸೂಜಿ ಅಂತ ತಗೊಂಡಿದ್ದಿಯೇನು?” ಎಂದು ನರ್ಸ್ ಕೇಳಿದಾಗ, ಸಂತೆಯ ದಿನ ಪೊಟ್ಟಣ ಕಟ್ಟಿಸಿಕೊಂಡು ಬರುತ್ತಿದ್ದ ಸಂಗತಿ ಹೊರಬಂತು. ಹೆಸರಿಲ್ಲದ ಪೊಟ್ಟಣಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್ ಇರುವುದು ಉಂಟು. ಸ್ಟಿರಾಯ್ಡ್ ನುಂಗಿದವರಲ್ಲಿ ಬಾವು ಇಳಿಯುತ್ತದೆ, ರಕ್ತದಲ್ಲಿ ಉರಿಯೂತದ ಗುರುತಾದ ಸಿಆರ್‌ಪಿ ಇಳಿಯುತ್ತದೆ, ಬಿಳಿರಕ್ತಕಣ ಏರುತ್ತದೆ. ಆದರೆ ಎಎನ್‌ಎ (ಕೋಶಬೀಜದ ವಿರುದ್ಧದ ಪ್ರತಿಕಾಯ) ನಾಲ್ಕು ದಿನದ ಸ್ಟಿರಾಯ್ಡ್‌ಗೆ ಮಾಯವಾಗುವುದಿಲ್ಲ. ಕೊನೆಯ ಪುಡಿ ಯಾವಾಗ ತೆಗೆದುಕೊಂಡರು ಎಂಬುದನ್ನು ಲ್ಯಾಬ್ ಚೀಟಿಯ ಮೇಲೇ ಬರೆಯಬೇಕು. ಇಲ್ಲಿ ಆರು ವಾರದ ಹಿಂದೆ ನಿಂತಿತ್ತು.

ಉಳಿದ ಚರಿತ್ರೆ ಬಿಡಿಬಿಡಿಯಾಗಿ ಸಿಕ್ಕಿತು. ಏಪ್ರಿಲ್‌ನಿಂದಲೇ, ಅಂದರೆ ಮೆಥೋಟ್ರೆಕ್ಸೇಟ್‌ಗೆ ಮೊದಲೇ, ಬಾಚಣಿಕೆಗೆ ಕೂದಲು ಉಂಡೆಯಾಗಿ ಬರುತ್ತಿತ್ತು. ಕೆನ್ನೆಯ ಕಪ್ಪನ್ನು ಮನೆಯವರು ಬಂಗು ಎಂದುಕೊಂಡಿದ್ದರು, ಬಿಸಿಲಿಗೆ ಹೋದ ದಿನ ಅದು ಉರಿಯುತ್ತಿತ್ತು. ಎರಡು ವರ್ಷದ ಹಿಂದೆ 14ನೇ ವಾರಕ್ಕೆ ಗರ್ಭ ಇಳಿದಿತ್ತು. ಬಾಯಿ ತೆರೆಸಿ ನೋಡಿದರೆ ಅಂಗುಳಿನ ಮೇಲೆ ನೋವಿಲ್ಲದ ಎರಡು ಹುಣ್ಣು. ನೋವಿಲ್ಲವಾದ್ದರಿಂದ ಅವು ಇವೆ ಎಂಬುದೇ ಆಕೆಗೆ ಗೊತ್ತಿರಲಿಲ್ಲ. ರಕ್ತದೊತ್ತಡ 138/92. ಎಂಟು ಸಣ್ಣ ಕೀಲುಗಳಲ್ಲಿ ಬಾವು, ಎಕ್ಸ್‌ರೇಯಲ್ಲಿ ಮೂಳೆ ಸವೆತವಿಲ್ಲ.

ಈ ನೆಲದ ಬೇರೆ ಸಾಧ್ಯತೆಗಳು

ಕೊಪ್ಪಳ, ರಾಯಚೂರು, ಬಳ್ಳಾರಿಯ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿ.ಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಬೆನ್ನು, ಕುತ್ತಿಗೆ, ಮೊಣಕಾಲು ಬಿಗಿಯುತ್ತವೆ. ಆದರೆ ಫ್ಲೋರೋಸಿಸ್‌ನಲ್ಲಿ ಬೆರಳ ಕೀಲು ಬಾಯುವುದಿಲ್ಲ, ಎಕ್ಸ್‌ರೇಯಲ್ಲಿ ಮೂಳೆ ದಟ್ಟವಾಗಿ ಬಿಳುಪಾಗಿ ಕಾಣುತ್ತದೆ. ಚಿಕುನ್‌ಗುನ್ಯಾ ಬಂದುಹೋದ ಮೇಲೆ ತಿಂಗಳುಗಟ್ಟಲೆ ಕೀಲುನೋವು ಉಳಿಯಬಹುದು, ಆರ್‌ಎ ಫ್ಯಾಕ್ಟರ್ ಅಲ್ಪವಾಗಿ ಪಾಸಿಟಿವ್ ಕೂಡ ಬರಬಹುದು. ಆದರೆ ಈಕೆಗೆ ಆರಂಭದಲ್ಲಿ ಜ್ವರವೇ ಇರಲಿಲ್ಲ. ಐಜಿಎಂ ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಇಳಿದುಹೋಗುವುದರಿಂದ ಜೂನ್‌ನ ನೆಗೆಟಿವ್ ಒಂದನ್ನೇ ನೆಚ್ಚುವಂತಿಲ್ಲ, ಹೀಗಾಗಿ ಇಲ್ಲಿ ಚರಿತ್ರೆಗೇ ತೂಕ ಹೆಚ್ಚು. ಕುಷ್ಠ, ಕ್ಷಯ, ಹೆಪಟೈಟಿಸ್ ಸಿ, ಕುರಿ ಸಾಕುವ ಮನೆಗಳಲ್ಲಿ ಬ್ರೂಸೆಲ್ಲಾ, ಇವನ್ನೂ ನೋಡಿ ಬಿಡಲಾಯಿತು. ಕುಷ್ಠದ ಹೆಸರು ಈ ಪಟ್ಟಿಯಿಂದ ಬಿಟ್ಟುಹೋಗುವುದೇ ಹೆಚ್ಚು. ಅದರ ಪ್ರತಿಕ್ರಿಯೆಯ ಹಂತದಲ್ಲಿ ಕೀಲು ಬಾಯುತ್ತದೆ, ಆರ್‌ಎ ಫ್ಯಾಕ್ಟರ್, ಎಎನ್‌ಎ ಎರಡೂ ಪಾಸಿಟಿವ್ ಆಗಬಹುದು. ಚರ್ಮದ ಮಚ್ಚೆಯ ಸ್ಪರ್ಶಜ್ಞಾನ ನೋಡಲು, ದಪ್ಪಗಾದ ನರ ಮುಟ್ಟಿ ನೋಡಲು ಐದು ನಿಮಿಷ ಸಾಕು.

ಆ ಒಂದು ಪಾಸಿಟಿವ್‌ನ ಬೆಲೆ ಎಷ್ಟು

ಆರ್‌ಎ ಫ್ಯಾಕ್ಟರ್ ಎಂದರೆ ನಮ್ಮದೇ ಐಜಿಜಿ ಪ್ರತಿಕಾಯದ ಬಾಲಕ್ಕೆ ಅಂಟಿಕೊಳ್ಳುವ ಮತ್ತೊಂದು ಪ್ರತಿಕಾಯ, ಹೆಚ್ಚಾಗಿ ಐಜಿಎಂ. ದೀರ್ಘಕಾಲದ ಸೋಂಕು, ಶೋಗ್ರೆನ್ (ಕಣ್ಣು, ಬಾಯಿ ಒಣಗಿಸುವ ಕಾಯಿಲೆ), ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ), ವಯಸ್ಸು, ಯಾವುದರಿಂದಲಾದರೂ ಅದು ಏರಬಹುದು. ಆಂಟಿ-ಸಿಸಿಪಿ ಅಷ್ಟು ಅಗ್ಗಕ್ಕೆ ಏರುವುದಿಲ್ಲ. ಪ್ರೋಟೀನಿನ ಆರ್ಜಿನೈನ್ ಘಟಕವನ್ನು ಪಿಎಡಿ ಎಂಬ ಕಿಣ್ವ ಸಿಟ್ರುಲಿನ್ ಆಗಿ ಬದಲಿಸಿದಾಗ ಆ ಬದಲಾದ ರೂಪದ ವಿರುದ್ಧ ಹುಟ್ಟುವ ಪ್ರತಿಕಾಯ ಅದು. ರುಮಟಾಯ್ಡ್‌ಗೆ ಅದರ ನಿರ್ದಿಷ್ಟತೆ (ಕಾಯಿಲೆ ಇಲ್ಲದವರಲ್ಲಿ ನೆಗೆಟಿವ್ ಬರುವ ಪಾಲು) ಶೇ. 95ರ ಆಸುಪಾಸು, ಸಂವೇದನೆ (ಕಾಯಿಲೆ ಇರುವವರಲ್ಲಿ ಪಾಸಿಟಿವ್ ಬರುವ ಪಾಲು) ಶೇ. 67ರ ಆಸುಪಾಸು.

ಈ ಶೇಕಡಾಗಳನ್ನು ಜನರ ಲೆಕ್ಕಕ್ಕೆ ಇಳಿಸಿ ನೋಡಿ. ಒಂದು ಶಿಬಿರಕ್ಕೆ ಮೈಕೈ ನೋವೆಂದು 1,000 ಜನ ಬಂದರು, ಅವರಲ್ಲಿ ನಿಜವಾಗಿ ರುಮಟಾಯ್ಡ್ ಇರುವವರು 10 ಎಂದಿಟ್ಟುಕೊಳ್ಳಿ. ಆರ್‌ಎ ಫ್ಯಾಕ್ಟರ್‌ಗೆ ಸಂವೇದನೆ ಶೇ. 70, ನಿರ್ದಿಷ್ಟತೆ ಶೇ. 85 ಎಂದು ಹಿಡಿದರೆ, 10ರಲ್ಲಿ 7 ಮಂದಿ ಪಾಸಿಟಿವ್. ಕಾಯಿಲೆ ಇಲ್ಲದ 990ರಲ್ಲೂ ಸುಮಾರು 149 ಮಂದಿ ಪಾಸಿಟಿವ್. 156 ಚೀಟಿಗಳಲ್ಲಿ ಏಳಕ್ಕೆ ಮಾತ್ರ ಅರ್ಥವಿದೆ. ಆಂಟಿ-ಸಿಸಿಪಿಯನ್ನೇ ಇದೇ ಸಾವಿರ ಜನರಿಗೆ ಮಾಡಿದರೂ 7 ನಿಜಕ್ಕೆ ಸುಮಾರು 50 ಸುಳ್ಳು. ಅದೇ ಪರೀಕ್ಷೆಯನ್ನು, ಬೆಳಗಿನ ಬಿಗಿತ ಮತ್ತು ಕಣ್ಣಿಗೆ ಕಾಣುವ ಬಾವು ಇರುವವರನ್ನು ಆರಿಸಿ, ಅವರಲ್ಲಿ 1,000ಕ್ಕೆ 400 ಮಂದಿಗೆ ಕಾಯಿಲೆ ಇರಬಹುದಾದ ಗುಂಪಿಗೆ ಮಾಡಿದರೆ 268 ನಿಜ, 30 ಸುಳ್ಳು. ಕಿಟ್ ಅದೇ. ಕೈಯಿಂದ ಮುಟ್ಟಿ ಬಾವು ಹುಡುಕಿದ ಕೆಲಸದಿಂದ ಆದ ವ್ಯತ್ಯಾಸ ಇದು. ಪ್ಯಾಕೇಜ್ ಪರೀಕ್ಷೆಗಳ ಮೇಲೆ ನಮ್ಮ ಆಕ್ಷೇಪ ಇರುವುದೂ ಇಲ್ಲಿಯೇ: ಯಾರಿಗೆ ಮಾಡಬೇಕೆಂದು ಯಾರೂ ಯೋಚಿಸದೆ ಮಾಡಿದ ಪರೀಕ್ಷೆ ರೋಗಿಯ ತಲೆಗೆ ಒಂದು ಹಣೆಪಟ್ಟಿ ಕಟ್ಟಿಬಿಡುತ್ತದೆ.

ಮೊದಲ ಲ್ಯಾಬಿನಲ್ಲಿ ಬಳಸಿದ್ದು ಲೇಟೆಕ್ಸ್ ಸ್ಲೈಡ್ ವಿಧಾನ. ಒಂದು ಹನಿ ಸೀರಮ್ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ತಿಳಿ), ಒಂದು ಹನಿ ಲೇಟೆಕ್ಸ್, ಕಲಸಿ, ಅಲುಗಾಡಿಸಿ, ಹೆಚ್ಚಿನ ಕಿಟ್‌ಗಳಲ್ಲಿ 2 ನಿಮಿಷಕ್ಕೆ ಓದಬೇಕು. ಕಪ್ಪು ಸ್ಲೈಡಿನ ಮೇಲೆ ಹಾಲು ಒಡೆದಂತೆ ಬಿಳಿ ಕಾಳು ಕಟ್ಟಿದರೆ ಪಾಸಿಟಿವ್. ಫ್ಯಾನಿನ ಕೆಳಗೆ ಐದು ನಿಮಿಷ ಬಿಟ್ಟು ನೋಡಿದರೆ ಅಂಚು ಒಣಗಿ ತಾನಾಗಿ ಕಾಳು ಕಟ್ಟುತ್ತದೆ. ಕಿಟ್ಟನ್ನು ಫ್ರಿಜ್ಜಿನಿಂದ ತೆಗೆದು ಕೋಣೆಯ ಉಷ್ಣತೆಗೆ ತರದೆ ಬಳಸಿದರೂ ಫಲಿತಾಂಶ ಕೆಡುತ್ತದೆ. ಪ್ರತಿಕಾಯ ತೀರಾ ಹೆಚ್ಚಿದ್ದಾಗ ಕಾಳೇ ಕಟ್ಟದೆ ಸುಳ್ಳು ನೆಗೆಟಿವ್ ಬರುವುದೂ ಉಂಟು, ಅನುಮಾನ ಬಂದರೆ ಸೀರಮ್ಮನ್ನು ತೆಳುಮಾಡಿ ಮತ್ತೆ ನೋಡಬೇಕು.

ಬಳ್ಳಾರಿಯಲ್ಲಿ ನೆಫೆಲೋಮೆಟ್ರಿಯಿಂದ (ಚದುರುವ ಬೆಳಕನ್ನು ಅಳೆಯುವ ಯಂತ್ರವಿಧಾನ) ಅಳೆದಾಗ ಆರ್‌ಎ ಫ್ಯಾಕ್ಟರ್ 34 ಐಯು/ಮಿ.ಲೀ. ಆ ಲ್ಯಾಬಿನ ಮೇಲ್ಮಿತಿ 20. ಮೇಲ್ಮಿತಿಯ ಮೂರು ಪಟ್ಟಿನೊಳಗೆ ಇರುವುದರಿಂದ ಇದು ‘ಅಲ್ಪ ಪಾಸಿಟಿವ್’. ಆಂಟಿ-ಸಿಸಿಪಿ 4, ಮೇಲ್ಮಿತಿ 20, ಅಂದರೆ ನೆಗೆಟಿವ್.

ಇಎಸ್‌ಆರ್ 88, ಸಿಆರ್‌ಪಿ 3

ಅನುಮಾನ ಲೂಪಸ್‌ನತ್ತ ತಿರುಗಿದ್ದು ಈ ಜೋಡಿಯಿಂದ. ಇಎಸ್‌ಆರ್ (ಕೆಂಪುಕಣ ತಳಕ್ಕಿಳಿಯುವ ವೇಗ) ಗಂಟೆಗೆ 88 ಮಿ.ಮೀ., ಸಿಆರ್‌ಪಿ ಲೀಟರಿಗೆ 3.2 ಮಿ.ಗ್ರಾಂ ಮಾತ್ರ. ಎಂಟು ಕೀಲು ಬಾತಿರುವ ರುಮಟಾಯ್ಡ್ ರೋಗಿಯಲ್ಲಿ ಎರಡೂ ಒಟ್ಟಿಗೆ ಏರಿರಬೇಕಿತ್ತು.

ಸಿಆರ್‌ಪಿಯನ್ನು ಯಕೃತ್ತು ಐಎಲ್-6 ಎಂಬ ಉರಿಯೂತದ ಸಂಕೇತದ ಒತ್ತಾಯಕ್ಕೆ ತಯಾರಿಸುತ್ತದೆ. ಲೂಪಸ್‌ನಲ್ಲಿ ಮೇಲುಗೈ ಇರುವುದು ಟೈಪ್-1 ಇಂಟರ್‌ಫೆರಾನ್ ಎಂಬ ಇನ್ನೊಂದು ಸಂಕೇತದ್ದು, ಅದು ಸಿಆರ್‌ಪಿ ತಯಾರಿಯನ್ನು ತಗ್ಗಿಸುತ್ತದೆ. ಇಎಸ್‌ಆರ್ ಏರುವುದು ಫೈಬ್ರಿನೋಜನ್, ಇಮ್ಯುನೋಗ್ಲಾಬ್ಯುಲಿನ್ ಹೆಚ್ಚಾದಾಗ; ರಕ್ತಹೀನತೆಯೂ ಅದನ್ನು ಮೇಲೆತ್ತುತ್ತದೆ. ಈಕೆಯ ಹಿಮೋಗ್ಲೋಬಿನ್ 8.9 ಆದ್ದರಿಂದ 88ರಲ್ಲಿ ಒಂದಷ್ಟು ಪಾಲು ರಕ್ತಹೀನತೆಯದು ಎಂದು ಕಳೆದುಕೊಂಡೇ ನೋಡಬೇಕು. ಲೂಪಸ್ ಎಂದು ಗೊತ್ತಿರುವ ರೋಗಿಯ ಸಿಆರ್‌ಪಿ ಒಮ್ಮೆಲೇ 60, 80 ಎಂದು ಏರಿದರೆ ಮೊದಲು ಸೋಂಕು ಹುಡುಕಿ, ಆಮೇಲೆ ಪ್ಲೂರಾ (ಶ್ವಾಸಕೋಶದ ಹೊದಿಕೆ), ಪೆರಿಕಾರ್ಡಿಯಂನ (ಹೃದಯದ ಹೊದಿಕೆ) ಉರಿಯೂತ. ಸ್ಟಿರಾಯ್ಡ್ ಪ್ರಮಾಣ ಏರಿಸುವ ಮೊದಲು ಈ ಕ್ರಮ ಬಿಡಬಾರದು.

ಉಳಿದ ಎಣಿಕೆ: ಬಿಳಿರಕ್ತಕಣ 3,100, ಲಿಂಫೋಸೈಟ್ 780, ಪ್ಲೇಟ್‌ಲೆಟ್ 1.38 ಲಕ್ಷ, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ 0.8.

ಒಂದು ಪಟ್ಟಿ, 10 ಮಿ.ಲೀ. ಮೂತ್ರ

ಐದು ತಿಂಗಳಲ್ಲಿ ಯಾರೂ ಮಾಡದೇ ಇದ್ದ ಪರೀಕ್ಷೆ ಇದು, ಈ ಪ್ರಕರಣದ ದಿಕ್ಕು ಬದಲಿಸಿದ್ದೂ ಇದೇ. ಬೆಳಗಿನ ಮೊದಲ ಮೂತ್ರದ ನಡುಧಾರೆ, ಸ್ವಚ್ಛ ಡಬ್ಬಿಯಲ್ಲಿ 10 ಮಿ.ಲೀ. ಮುಟ್ಟಿನ ದಿನಗಳಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಅದರಲ್ಲಿ ಅದ್ದಿದ ಪರೀಕ್ಷಾಪಟ್ಟಿಯ (ಡಿಪ್‌ಸ್ಟಿಕ್) ಬಣ್ಣ 2+ ಬಂತು, ಅಂದರೆ ಡೆಸಿಲೀಟರಿಗೆ ಸುಮಾರು 100 ಮಿ.ಗ್ರಾಂ ಪ್ರೋಟೀನ್. ಆದರೆ ಪಟ್ಟಿ ಹೇಳುವುದು ಸಾಂದ್ರತೆಯನ್ನು. ನೀರು ಕಡಿಮೆ ಕುಡಿದು ಬಿಸಿಲಲ್ಲಿ ದುಡಿದವರ ಗಟ್ಟಿ ಮೂತ್ರದಲ್ಲಿ 1+ಗೆ ಅಂಥ ಅರ್ಥವಿರದು, ತೆಳು ಮೂತ್ರದಲ್ಲಿ ಅದೇ 1+ ಗಂಭೀರ. ಅದಕ್ಕಾಗಿ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ. ಇಲ್ಲಿ ಪ್ರೋಟೀನ್ 98, ಕ್ರಿಯಾಟಿನಿನ್ 70, ಎರಡೂ ಮಿ.ಗ್ರಾಂ/ಡೆ.ಲೀ.; ಭಾಗಿಸಿದರೆ 1.4. ದಿನಕ್ಕೆ ಅಂದಾಜು 1.4 ಗ್ರಾಂ ಪ್ರೋಟೀನ್ ಸೋರುತ್ತಿದೆ ಎಂದರ್ಥ. 0.5 ದಾಟಿದರೆ ಲೂಪಸ್ ಸಂಶಯದಲ್ಲಿ ಬಯಾಪ್ಸಿಯ ಮಾತು ಬರುತ್ತದೆ.

ಸೂಕ್ಷ್ಮದರ್ಶಕದಲ್ಲಿ ಪ್ರತಿ ಕ್ಷೇತ್ರಕ್ಕೆ 8–10 ಕೆಂಪು ರಕ್ತಕಣ, ಆಕಾರ ಕೆಟ್ಟವು, ಒಂದೆರಡು ಕೆಂಪುಕಣದ ಕಾಸ್ಟ್ (ಮೂತ್ರಪಿಂಡದ ನಾಳದಲ್ಲಿ ಅಚ್ಚಾಗಿ ಕಟ್ಟಿದ ತುಣುಕು). ಈ ಕಾಸ್ಟ್‌ಗಳು ಹೊತ್ತು ಕಳೆದಂತೆ ಕರಗಿಹೋಗುತ್ತವೆ, ಎರಡು ಗಂಟೆಯೊಳಗೆ ನೋಡಬೇಕು. ಬೆಳಿಗ್ಗೆ ಎಂಟಕ್ಕೆ ಕೊಟ್ಟ ಡಬ್ಬಿ ಮಧ್ಯಾಹ್ನದವರೆಗೆ ಕಿಟಕಿಯ ಬಳಿ ಕೂತಿದ್ದರೆ ‘ಕಾಸ್ಟ್ ಇಲ್ಲ’ ಎಂದು ಬರುವುದು ಖಂಡಿತ, ಅದನ್ನು ನಂಬುವಂತಿಲ್ಲ. ಪಟ್ಟಿಗಳ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಮಳೆಗಾಲದ ತೇವಕ್ಕೆ ಬಣ್ಣದ ಚೌಕಗಳು ಕೆಟ್ಟಿರುತ್ತವೆ.

ಕ್ರಿಯಾಟಿನಿನ್ 0.8 ಎಂದು ಸಮಾಧಾನಪಡುವ ಹಾಗಿರಲಿಲ್ಲ. 44 ಕೆ.ಜಿ. ತೂಕದ, ಸ್ನಾಯು ಕಡಿಮೆ ಇರುವ ಹೆಣ್ಣುಮಗಳಲ್ಲಿ ಇದು ಮೊದಲು 0.5 ಇದ್ದಿರಬಹುದು. ಇಂಥ ಮೂತ್ರಪಿಂಡದ ಮೇಲೆ ಐದು ವಾರ ಡೈಕ್ಲೋಫೆನಾಕ್ ಬಿದ್ದಿತ್ತು. ಅದನ್ನು ಅಂದೇ ನಿಲ್ಲಿಸಲಾಯಿತು.

ಹಸಿರು ಕೋಶಬೀಜಗಳು

ಎಎನ್‌ಎಯನ್ನು ಲ್ಯಾಬಿನಲ್ಲಿ ಬೆಳೆಸಿದ ಹೆಪ್-2 ಎಂಬ ಮಾನವ ಕೋಶಗಳ ಮೇಲೆ ಇಮ್ಯುನೋಫ್ಲೋರೊಸೆನ್ಸ್ (ಅಂಟಿದ ಪ್ರತಿಕಾಯವನ್ನು ಹೊಳೆಯುವ ಬಣ್ಣದಿಂದ ತೋರಿಸುವ) ವಿಧಾನದಲ್ಲೇ ಮಾಡಿಸಲಾಯಿತು. ಎಲೈಸಾ ಕಿಟ್‌ಗಳು ತಟ್ಟೆಗೆ ಬಳಿದ ಕೆಲವೇ ಪ್ರತಿಜನಕಗಳನ್ನು ನೋಡುತ್ತವೆ, ಹೆಪ್-2 ಇಡೀ ಕೋಶಬೀಜವನ್ನು ತೋರಿಸುತ್ತದೆ.

10 ಮೈಕ್ರೋಲೀಟರ್ ಸೀರಮ್‌ಗೆ 790 ಮೈಕ್ರೋಲೀಟರ್ ಪಿಬಿಎಸ್ (ಪಿಎಚ್ ಕಾಯುವ ಉಪ್ಪುನೀರು) ಸೇರಿಸಿದರೆ 1:80. ಅದನ್ನು ಸ್ಲೈಡಿನ ಗುಳಿಗೆ ಹಾಕಿ, ಒದ್ದೆ ಕಾಗದ ಹಾಸಿದ ಮುಚ್ಚಿದ ಡಬ್ಬಿಯಲ್ಲಿ 30 ನಿಮಿಷ. ಪಿಬಿಎಸ್‌ನಲ್ಲಿ ತೊಳೆದು ಫ್ಲೋರೊಸೀನ್ ಅಂಟಿಸಿದ ಆಂಟಿ-ಐಜಿಜಿ, ಕತ್ತಲಲ್ಲಿ ಮತ್ತೆ 30 ನಿಮಿಷ. ತೊಳೆದು, ಗ್ಲಿಸರಿನ್ ಹನಿ ಇಟ್ಟು, ಕವರ್‌ಸ್ಲಿಪ್ ಮುಚ್ಚಿ, 400 ಪಟ್ಟು ಹಿಗ್ಗಿಸಿ ನೋಡುವುದು. ಪಾಸಿಟಿವ್ ಬಂದರೆ 200ಕ್ಕೆ 200 ಸೇರಿಸುತ್ತ 1:160, 1:320, 1:640, 1:1280 ಎಂದು ಇಳಿಯಬೇಕು. ಪ್ರತಿ ಬಾರಿಯೂ ಒಂದು ಪಾಸಿಟಿವ್, ಒಂದು ನೆಗೆಟಿವ್ ನಿಯಂತ್ರಣ ಗುಳಿ ಕಡ್ಡಾಯ.

ಕೆಡುವುದು ಸಣ್ಣ ಕಾರಣಗಳಿಗೆ. ಗುಳಿಯ ಹನಿ ಒಣಗಿದರೆ ಇಡೀ ಹಿನ್ನೆಲೆಯೇ ಹಸಿರಾಗಿ ಬೆಳಗುತ್ತದೆ. ತೊಳೆಯುವ ಪಿಬಿಎಸ್ಸನ್ನು ಗಡಸು ಕೊಳವೆಬಾವಿ ನೀರಿನಲ್ಲಿ ಕಲಸಿದರೆ ಪಿಎಚ್ 7.2–7.4ರಲ್ಲಿ ನಿಲ್ಲುವುದಿಲ್ಲ, ಬಿಳಿ ಗಸಿ ಬೀಳುತ್ತದೆ. ಭಟ್ಟಿ ಇಳಿಸಿದ ನೀರೇ ಬೇಕು, ಈ ವಿಷಯದಲ್ಲಿ ಉಳಿತಾಯ ಬೇಡ. ತೊಳೆಯುವಾಗ ಗುಳಿಯ ಮೇಲೆ ನೇರವಾಗಿ ಧಾರೆ ಬಿಟ್ಟರೆ ಕೋಶಗಳೇ ಕಿತ್ತುಹೋಗುತ್ತವೆ.

ಈಕೆಯ ಸ್ಲೈಡಿನಲ್ಲಿ ಕೋಶಬೀಜಗಳು ಅಂಚಿನಿಂದ ಅಂಚಿಗೆ ಒಂದೇ ಸಮನಾಗಿ, ಎಳೆ ಬಟಾಣಿಯ ಹಸಿರಿನಲ್ಲಿ ತುಂಬಿಕೊಂಡಿದ್ದವು. ವಿಭಜನೆಯಾಗುತ್ತಿದ್ದ ಕೋಶಗಳ ನಡುವಿನ ವರ್ಣತಂತುಗಳ ಪಟ್ಟಿ ಇನ್ನೂ ಗಾಢವಾಗಿ ಹೊಳೆಯುತ್ತಿತ್ತು. ಹೋಮೊಜೀನಿಯಸ್ ಮಾದರಿ (ಅಂತರರಾಷ್ಟ್ರೀಯ ಹೆಸರುಪಟ್ಟಿಯಲ್ಲಿ ಎಸಿ-1), ಟೈಟರ್ (ಎಷ್ಟು ತೆಳುಮಾಡಿದರೂ ಹೊಳಪು ಉಳಿಯುತ್ತದೆ ಎಂಬ ಅಳತೆ) 1:640. ವಿಭಜನೆಯ ಕೋಶವನ್ನು ನೋಡದೆ ಈ ಮಾದರಿಯ ಹೆಸರು ಬರೆಯಬಾರದು. ಅದೇ ಪಟ್ಟಿ ಹೊಳೆದರೂ ಉಳಿದ ಕೋಶಬೀಜಗಳಲ್ಲಿ ಒತ್ತೊತ್ತಾದ ಸಣ್ಣ ಚುಕ್ಕೆಗಳಿದ್ದರೆ ಅದು ಎಸಿ-2, ಡಿಎಫ್‌ಎಸ್70 ಮಾದರಿ, ಆರೋಗ್ಯವಂತರಲ್ಲೂ ಸಿಗುವಂಥದ್ದು.

ಟೈಟರ್ ಇಲ್ಲದ ‘ಎಎನ್‌ಎ ಪಾಸಿಟಿವ್’ ಚೀಟಿಗೆ ಬೆಲೆ ಕಡಿಮೆ. 1997ರಲ್ಲಿ ಪ್ರಕಟವಾದ ಬಹುಕೇಂದ್ರ ಅಧ್ಯಯನದಲ್ಲಿ ಆರೋಗ್ಯವಂತರಲ್ಲೇ 1:40ಕ್ಕೆ ಶೇ. 31.7, 1:80ಕ್ಕೆ ಶೇ. 13.3, 1:160ಕ್ಕೆ ಶೇ. 5, 1:320ಕ್ಕೆ ಶೇ. 3.3 ಮಂದಿ ಪಾಸಿಟಿವ್ ಬಂದಿದ್ದರು.

ಮುಂದಿನ ಮೆಟ್ಟಿಲು ಡಿಎಸ್-ಡಿಎನ್‌ಎ, ಅಂದರೆ ಎರಡೆಳೆಯ ಡಿಎನ್‌ಎ ವಿರುದ್ಧದ ಪ್ರತಿಕಾಯ. ಎಲೈಸಾದಲ್ಲಿ 310 ಐಯು/ಮಿ.ಲೀ. ಬಂತು. ಎಲೈಸಾ ದುರ್ಬಲವಾಗಿ ಅಂಟುವ ಪ್ರತಿಕಾಯಗಳನ್ನೂ ಹಿಡಿಯುವುದರಿಂದ ಕ್ರಿಥಿಡಿಯಾ ಸ್ಲೈಡಿನಲ್ಲಿ ದೃಢಪಡಿಸಲಾಯಿತು. ಈ ಏಕಕೋಶ ಜೀವಿಯ ಕೈನೆಟೊಪ್ಲಾಸ್ಟ್‌ನಲ್ಲಿ ಎರಡೆಳೆಯ ಡಿಎನ್‌ಎ ಬಹುಪಾಲು ಬೇರೆ ಪ್ರೋಟೀನಿನ ಬೆರಕೆಯಿಲ್ಲದೆ ಇರುತ್ತದೆ. ಆ ಪುಟ್ಟ ಚುಕ್ಕೆ ಹೊಳೆದರೆ ಮಾತ್ರ ಪಾಸಿಟಿವ್, ಕೋಶಬೀಜ ಒಂದೇ ಹೊಳೆದರೆ ಲೆಕ್ಕಕ್ಕಿಲ್ಲ. ಇಲ್ಲಿ 1:40ರವರೆಗೂ ಹೊಳೆಯಿತು. ಲೂಪಸ್‌ಗೆ ನಿರ್ದಿಷ್ಟವಾದ ಎಸ್‌ಎಂ ಪ್ರತಿಕಾಯ ನೆಗೆಟಿವ್. ಲೂಪಸ್ ಇದ್ದವರಲ್ಲೂ ಅದು ಬಹುಪಾಲು ಮಂದಿಗೆ ಇರುವುದಿಲ್ಲವಾದ್ದರಿಂದ ಆ ನೆಗೆಟಿವ್‌ನಿಂದ ಏನೂ ಕಳೆಯಲಿಲ್ಲ. ರೋ (Ro) ಎಂಬ ಇನ್ನೊಂದು ಪ್ರತಿಕಾಯ ಪಾಸಿಟಿವ್, ಅದರ ಮಾತು ಮುಂದೆ ಬರುತ್ತದೆ.

ಬಸ್ಸಿನಲ್ಲಿ ಬಂದ ಟ್ಯೂಬ್

ಸಿ3, ಸಿ4 ರಕ್ತದ ಕಾಂಪ್ಲಿಮೆಂಟ್ ಪ್ರೋಟೀನುಗಳು, ಲೂಪಸ್ ಕೆರಳಿದಾಗ ಖರ್ಚಾಗಿ ಇಳಿಯುತ್ತವೆ. ಮೊದಲ ಸಲ ಅವು ಬಂದ ರೀತಿ: ಸಿ3 91, ಸಿ4 6 ಮಿ.ಗ್ರಾಂ/ಡೆ.ಲೀ. ಲ್ಯಾಬಿನ ಕೆಳಮಿತಿ ಕ್ರಮವಾಗಿ 90 ಮತ್ತು 10. ಸಿ4 ನೆಲ ಕಚ್ಚಿದೆ, ಡಿಎಸ್-ಡಿಎನ್‌ಎ ಏರಿದೆ, ಮೂತ್ರದಲ್ಲಿ ರಕ್ತವಿದೆ, ಸಿ3 ಮಾತ್ರ ಕೂದಲೆಳೆಯಲ್ಲಿ ಸರಿ ಎನ್ನುತ್ತಿದೆ. ವೈದ್ಯರು ಇದನ್ನು ಒಪ್ಪದೆ ಸ್ಯಾಂಪಲ್ ಬಂದ ದಾರಿಯನ್ನು ಕೇಳಿದರು. ಗಂಗಾವತಿಯ ಸಂಗ್ರಹ ಕೇಂದ್ರದಲ್ಲಿ ಸಂಜೆ ನಾಲ್ಕಕ್ಕೆ ರಕ್ತ ತೆಗೆದದ್ದು. ಸೆಂಟ್ರಿಫ್ಯೂಜ್ (ಯಂತ್ರದಲ್ಲಿ ತಿರುಗಿಸಿ ಸೀರಮ್ ಬೇರ್ಪಡಿಸುವುದು) ಮಾಡಿರಲಿಲ್ಲ. ಕೊನೆಯ ಬಸ್ಸಿಗೆ ಕೊಟ್ಟ ಪೊಟ್ಟಣದಲ್ಲಿ ಐಸ್ ಪ್ಯಾಕ್ ಇರಲಿಲ್ಲ. ಸೀರಮ್ ಬೇರ್ಪಟ್ಟದ್ದು ಮರುದಿನ ಹತ್ತು ಗಂಟೆಗೆ.

ಕೋಣೆಯ ಉಷ್ಣತೆಯಲ್ಲಿ ಹೊತ್ತು ಕಳೆದಂತೆ ಸಿ3 ಒಡೆದು ಸಿ3ಸಿ ಎಂಬ ತುಣುಕಾಗುತ್ತದೆ. ಅಳೆಯುವ ಪ್ರತಿಕಾಯ ಈ ಸಿ3ಸಿ ತುಣುಕನ್ನೇ ಹಿಡಿಯುವಂಥದ್ದಾದರೆ ಅಂಕಿ ಇಳಿಯುವ ಬದಲು ಏರುತ್ತದೆ. ಹಳಸಿದ ಸ್ಯಾಂಪಲ್ಲಿನಲ್ಲಿ ಎಲ್ಲವೂ ಕಡಿಮೆಯೇ ಬರುತ್ತದೆ ಎಂಬ ನಂಬಿಕೆ ಇಲ್ಲಿ ದಾರಿ ತಪ್ಪಿಸುತ್ತದೆ. ಕಾಂಪ್ಲಿಮೆಂಟ್ ಒಟ್ಟಾರೆ ಕೆಲಸ ಮಾಡುತ್ತದೆಯೇ ಎಂದು ನೋಡುವ ಸಿಎಚ್50 ಎಂಬ ಕಾರ್ಯಪರೀಕ್ಷೆ ಮಾತ್ರ ಶಾಖಕ್ಕೆ ಕುಸಿಯುತ್ತದೆ. ಸೀರಮ್ಮನ್ನು ಬೇಗ ಬೇರ್ಪಡಿಸಿ ಮಂಜುಗಟ್ಟಿಸಿ (ಫ್ರೀಜ್ ಮಾಡಿ) ಕಳಿಸುವ ಏರ್ಪಾಡಿಲ್ಲದಿದ್ದರೆ ಅದನ್ನು ಬರೆಯಲೇಬಾರದು.

ಎರಡನೇ ಸಲ ಬಳ್ಳಾರಿಯಲ್ಲೇ ರಕ್ತ ತೆಗೆಯಲಾಯಿತು. ಜೆಲ್ ಟ್ಯೂಬಿನಲ್ಲಿ 5 ಮಿ.ಲೀ., ನೆಟ್ಟಗೆ ನಿಲ್ಲಿಸಿ 30 ನಿಮಿಷ ಹೆಪ್ಪುಗಟ್ಟಲು ಬಿಟ್ಟು, 1,500 ಜಿ ಬಲದಲ್ಲಿ 10 ನಿಮಿಷ ತಿರುಗಿಸುವುದು. ಜಿ ಎಂಬುದು ಆರ್‌ಪಿಎಂ ಅಲ್ಲ: ತ್ರಿಜ್ಯ 15 ಸೆಂ.ಮೀ. ಇರುವ ರೋಟರಿಗೆ ಇದು ಸುಮಾರು 3,000 ಆರ್‌ಪಿಎಂ, 10 ಸೆಂ.ಮೀ. ಆದರೆ ಸುಮಾರು 3,660. ಹೆಪ್ಪುಗಟ್ಟುವ ಮೊದಲೇ ತಿರುಗಿಸಿದರೆ ಫೈಬ್ರಿನ್ ಎಳೆಗಳು ಉಳಿದು ಯಂತ್ರದ ಸೂಜಿ ಕಟ್ಟಿಕೊಳ್ಳುತ್ತದೆ. ಅದೇ ಮಧ್ಯಾಹ್ನ ಬಂದ ಫಲಿತಾಂಶ: ಸಿ3 72, ಸಿ4 6. ಎರಡೂ ಕಡಿಮೆ.

ಪ್ರತಿಕಾಯದ ಪರೀಕ್ಷೆಗಳು ಇಷ್ಟು ನಾಜೂಕಲ್ಲ. ಸೀರಮ್ ಬೇರ್ಪಡಿಸಿ 2–8 ಡಿಗ್ರಿಯಲ್ಲಿ ಇಟ್ಟರೆ ಎಎನ್‌ಎ, ಸಿಸಿಪಿ ಕೆಲವು ದಿನ ತಾಳುತ್ತವೆ. ಮಂಜುಗಟ್ಟಿಸಿ ಕರಗಿಸಿ ಮತ್ತೆ ಮಂಜುಗಟ್ಟಿಸುವುದು ಮಾತ್ರ ಬೇಡ.

ಎರಡು ತಕ್ಕಡಿಗೂ ತೂಗುವ ರೋಗಿ

ಈಕೆಯನ್ನು 2010ರ ಎಸಿಆರ್/ಯೂಲಾರ್ (ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಘಗಳು) ರುಮಟಾಯ್ಡ್ ಮಾನದಂಡದಲ್ಲಿ ತೂಗಿದರೆ: 4ರಿಂದ 10 ಸಣ್ಣ ಕೀಲು, 3 ಅಂಕ, ಅಲ್ಪ ಪಾಸಿಟಿವ್ ಆರ್‌ಎ ಫ್ಯಾಕ್ಟರ್, 2, ಏರಿದ ಇಎಸ್‌ಆರ್, 1, ಆರು ವಾರ ಮೀರಿದ ಅವಧಿ, 1. ಒಟ್ಟು 7. ಬೇಕಾದದ್ದು 6. ಕಾಗದದ ಮೇಲೆ ರುಮಟಾಯ್ಡ್ ‘ಸಾಬೀತು’. ಮೊದಲ ವೈದ್ಯರ ತೀರ್ಮಾನ ತಲೆಬುಡವಿಲ್ಲದ್ದೇನೂ ಆಗಿರಲಿಲ್ಲ. ಆದರೆ ಆ ಮಾನದಂಡದ ಬಾಗಿಲಲ್ಲೇ ಒಂದು ಷರತ್ತಿದೆ: ಕೀಲಿನ ಬಾವಿಗೆ ಬೇರೆ ಕಾಯಿಲೆ ಹೆಚ್ಚು ಒಪ್ಪುವ ಕಾರಣವಾಗಿರಬಾರದು. ಅಂಕ ಕೂಡಿಸುವುದು ಆ ಬಾಗಿಲು ದಾಟಿದ ಮೇಲೆ.

ಇನ್ನು 2019ರ ಯೂಲಾರ್/ಎಸಿಆರ್ ಲೂಪಸ್ ಮಾನದಂಡ. ಪ್ರವೇಶಕ್ಕೆ ಎಎನ್‌ಎ 1:80 ಅಥವಾ ಹೆಚ್ಚು. ಆಮೇಲೆ 10 ಅಂಕ, ಅದರಲ್ಲಿ ಒಂದಾದರೂ ರೋಗಲಕ್ಷಣದ್ದು. ಇಲ್ಲಿ ಬೇಕೆಂದೇ ಬಿಗಿಯಾಗಿ ಎಣಿಸಲಾಯಿತು. ಬಿಳಿಕಣ ಇಳಿದದ್ದು ಮೆಥೋಟ್ರೆಕ್ಸೇಟ್‌ನಿಂದಲೂ ಇರಬಹುದು, ಅದರ 3 ಅಂಕ ಬಿಟ್ಟಿತು. ಬಾಯಿಹುಣ್ಣೂ ಹಾಗೆಯೇ. ಕೂದಲು ಉದುರುವುದು ಔಷಧಿಗೆ ಮೊದಲೇ ಇತ್ತಾದರೂ ರಕ್ತಹೀನತೆಯ ನೆಪವಿದೆ, ಆ 2 ಅಂಕವೂ ಬಿಟ್ಟಿತು. ಕೆನ್ನೆಯ ಕಪ್ಪನ್ನು ಚರ್ಮತಜ್ಞರು ಒಪ್ಪದೆ ಲೆಕ್ಕಕ್ಕೆ ತರಲಿಲ್ಲ. ಉಳಿದದ್ದು: ಕೀಲು 6, ಮೂತ್ರದ ಪ್ರೋಟೀನ್ 4, ಸಿ3 ಮತ್ತು ಸಿ4 ಎರಡೂ ಕಡಿಮೆ 4, ಡಿಎಸ್-ಡಿಎನ್‌ಎ 6. ಒಟ್ಟು 20. ಅನುಮಾನ ಇರುವುದನ್ನೆಲ್ಲ ತೆಗೆದರೂ ಗೆರೆಯ ಎರಡರಷ್ಟು.

14ನೇ ವಾರದ ಗರ್ಭನಷ್ಟದಿಂದಾಗಿ ಆಂಟಿಫಾಸ್ಫೋಲಿಪಿಡ್ (ರಕ್ತ ಗಟ್ಟಿಯಾಗಿಸಿ ಗರ್ಭ ಇಳಿಸಬಲ್ಲ ಪ್ರತಿಕಾಯಗಳು) ಪರೀಕ್ಷೆಗಳೂ ನಡೆದವು. ಅವುಗಳಲ್ಲಿ ಒಂದಾದ ಕಾರ್ಡಿಯೋಲಿಪಿನ್ ಐಜಿಜಿ 18 ಘಟಕ. 40 ದಾಟದೆ ಅದಕ್ಕೆ ಅಂಕವಿಲ್ಲ. ಇನ್ನೊಂದಾದ ಲೂಪಸ್ ಆಂಟಿಕೊಯಾಗ್ಯುಲಂಟ್‌ಗೆ ಸಿಟ್ರೇಟ್ ಟ್ಯೂಬನ್ನು ಗೆರೆಯವರೆಗೆ ತುಂಬಿಸಿ, ಸೆಂಟ್ರಿಫ್ಯೂಜಿನಲ್ಲಿ ಎರಡು ಸಲ ತಿರುಗಿಸಿ, ಪ್ಲೇಟ್‌ಲೆಟ್ ತೆಗೆದ ಪ್ಲಾಸ್ಮಾ ಬಳಸಬೇಕು. ಒಂದೇ ಸಲ ತಿರುಗಿಸಿ ಮಂಜುಗಟ್ಟಿಸಿದರೆ ಉಳಿದ ಪ್ಲೇಟ್‌ಲೆಟ್‌ಗಳು ಒಡೆದು ಪ್ರತಿಕಾಯವನ್ನು ನುಂಗಿಕೊಂಡು ಸುಳ್ಳು ನೆಗೆಟಿವ್ ಕೊಡುತ್ತವೆ. ಇಲ್ಲಿ ಕ್ರಮಬದ್ಧವಾಗಿ ಮಾಡಿ ನೆಗೆಟಿವ್ ಬಂತು.

ಬಯಾಪ್ಸಿ ಮತ್ತು ಅನಂತರ

ರಕ್ತದೊತ್ತಡ ಹತೋಟಿಗೆ ತಂದು, ಪಿಟಿ (ರಕ್ತ ಹೆಪ್ಪುಗಟ್ಟುವ ಹೊತ್ತು), ಪ್ಲೇಟ್‌ಲೆಟ್ ನೋಡಿ ಮೂತ್ರಪಿಂಡದ ಬಯಾಪ್ಸಿ ಮಾಡಲಾಯಿತು. 18 ಗ್ಲೊಮೆರುಲಸ್‌ಗಳಲ್ಲಿ (ಮೂತ್ರಪಿಂಡದ ಸೋಸುವ ಗಂಟುಗಳು) 7ರಲ್ಲಿ ಒಳಪದರದ ಕೋಶವೃದ್ಧಿ. ಅರ್ಧಕ್ಕಿಂತ ಕಡಿಮೆ, ಆದ್ದರಿಂದ ಲೂಪಸ್ ಮೂತ್ರಪಿಂಡ ಕಾಯಿಲೆಯ 3ನೇ ವರ್ಗ. ಐಜಿಜಿ, ಐಜಿಎ, ಐಜಿಎಂ, ಸಿ3, ಸಿ1ಕ್ಯು ಐದೂ ಹೊಳೆದವು. ಮಾನದಂಡದಲ್ಲಿ ಮೂತ್ರದ 4 ಅಂಕದ ಜಾಗಕ್ಕೆ 10 ಬಂದು ಒಟ್ಟು 26 ಆಯಿತು, ಆದರೆ ಬಯಾಪ್ಸಿ ಮಾಡಿಸಿದ್ದು ಅಂಕಕ್ಕಲ್ಲ. ಯಾವ ಔಷಧಿ, ಎಷ್ಟು ಬಿರುಸಾಗಿ ಎಂಬುದನ್ನು ರಕ್ತದ ಯಾವ ಪ್ರೋಟೀನೂ ಇನ್ನೂ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ.

ಮೆಥೋಟ್ರೆಕ್ಸೇಟ್ ನಿಲ್ಲಿಸಲಾಯಿತು. ಲೂಪಸ್‌ಗೆ ದೀರ್ಘಕಾಲ ಕೊಡುವ ಹೈಡ್ರಾಕ್ಸಿಕ್ಲೋರೊಕ್ವಿನ್ ಕೆ.ಜಿ.ಗೆ ದಿನಕ್ಕೆ 5 ಮಿ.ಗ್ರಾಂ ಮೀರಬಾರದು, 44 ಕೆ.ಜಿ.ಗೆ 220, ಹಾಗಾಗಿ 200 ಮಿ.ಗ್ರಾಂನ ಒಂದು ಮಾತ್ರೆ. ಎಲ್ಲರಿಗೂ 400 ಬರೆಯುವ ಅಭ್ಯಾಸ ನಮ್ಮ ಕಡೆಯ ಹಗುರ ಮೈಕಟ್ಟಿನ ಹೆಂಗಸರ ಕಣ್ಣಿಗೆ ಅಪಾಯ. ಮೀಥೈಲ್‌ಪ್ರೆಡ್ನಿಸೊಲೋನ್ 500 ಮಿ.ಗ್ರಾಂ ಮೂರು ದಿನ, ಆಮೇಲೆ ಪ್ರೆಡ್ನಿಸೊಲೋನ್ 20 ಮಿ.ಗ್ರಾಂನಿಂದ ಇಳಿಕೆ. ಗರ್ಭವಿಲ್ಲವೆಂದು ಖಚಿತಪಡಿಸಿಕೊಂಡು, ಗರ್ಭನಿರೋಧದ ಏರ್ಪಾಡು ಮಾಡಿ, ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮೈಕೊಫೆನೊಲೇಟ್, ಏಕೆಂದರೆ ಅದು ಭ್ರೂಣಕ್ಕೆ ವಿಷ. ಕ್ಷಯ ಮತ್ತು ಹೆಪಟೈಟಿಸ್ ಬಿ ಇಲ್ಲವೆಂದು ಮೊದಲೇ ನೋಡಿಕೊಂಡಿತ್ತು.

ರೋ ಪ್ರತಿಕಾಯದ ಮಾತನ್ನು ಗಂಡ, ಅತ್ತೆ ಇಬ್ಬರನ್ನೂ ಕೂರಿಸಿ ಹೇಳಬೇಕಾಯಿತು. ಕಾಯಿಲೆ ಕನಿಷ್ಠ ಆರು ತಿಂಗಳು ಶಾಂತವಾಗಿ, ಮೈಕೊಫೆನೊಲೇಟ್ ಬದಲಿಸಿದ ಮೇಲೆ ಗರ್ಭ ಧರಿಸಬಹುದು. ಆದರೆ ಈ ಪ್ರತಿಕಾಯ ಮಾಸು ದಾಟಿ ಶಿಶುವಿನ ಹೃದಯದ ಬಡಿತದ ದಾರಿಯನ್ನು ಕೆಡಿಸುವ ಸಂಭವ ಶೇ. 1–2ರಷ್ಟಿದೆ. ಆಗಲೂ ಹೈಡ್ರಾಕ್ಸಿಕ್ಲೋರೊಕ್ವಿನ್ ಬಿಡಬಾರದು, 16ನೇ ವಾರದಿಂದ ಶಿಶುವಿನ ಹೃದಯದ ಎಕೊ ನೋಡಿಸುತ್ತಿರಬೇಕು. ‘ಬಸುರಿ ಆದಕೂಡಲೇ ಮಾತ್ರೆ ಎಲ್ಲ ಬಿಡು’ ಎಂಬ ಮನೆಯ ಮಾತು ಇಲ್ಲಿ ಸಲ್ಲದು.

12ನೇ ವಾರದಲ್ಲಿ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ 1.4ರಿಂದ 0.8ಕ್ಕೆ ಇಳಿಯಿತು. ಮೂರು ತಿಂಗಳಿಗೆ ಕಾಲುಭಾಗ, ಆರು ತಿಂಗಳಿಗೆ ಅರ್ಧ, ವರ್ಷದೊಳಗೆ 0.5–0.7ರ ಕೆಳಗೆ ಎಂಬುದು ಗುರಿ. ಸಿ3 88, ಸಿ4 9, ಡಿಎಸ್-ಡಿಎನ್‌ಎ 140. ಮೂರೂ ಅದೇ ಲ್ಯಾಬ್, ಅದೇ ವಿಧಾನ. ಬೇರೆ ಲ್ಯಾಬಿನ 140ನ್ನು ಇಲ್ಲಿನ 310ರ ಪಕ್ಕ ಇಡುವಂತಿಲ್ಲ. ಕಾರ್ಡಿಯೋಲಿಪಿನ್ ಮರುಪರೀಕ್ಷೆ 12 ವಾರದ ಅಂತರ ಮುಗಿಸಿ ನಡೆದು ನೆಗೆಟಿವ್ ಬಂತು. ಎಎನ್‌ಎ, ಆರ್‌ಎ ಫ್ಯಾಕ್ಟರ್ ಮತ್ತೆ ಮಾಡಿಸಲಿಲ್ಲ, ಅವು ಕಾಯಿಲೆಯ ಏರಿಳಿತವನ್ನು ತೋರಿಸುವುದಿಲ್ಲ.

ಗಂಗಾವತಿಯ ವೈದ್ಯರಿಗೆ ಕಳಿಸಿದ ಪತ್ರದಲ್ಲಿ ಮೂರು ವಿಷಯ ಬರೆಯಲಾಯಿತು: ಡೈಕ್ಲೋಫೆನಾಕ್ ಜಾತಿಯ ಯಾವುದೂ ಬೇಡ; ತಿಂಗಳಿಗೊಮ್ಮೆ ರಕ್ತದೊತ್ತಡ ಮತ್ತು ಮೂತ್ರದ ಪಟ್ಟಿ ಅಲ್ಲೇ ನೋಡಿ, ಪ್ರೋಟೀನ್ ಒಂದು ಮೆಟ್ಟಿಲು ಏರಿದರೂ ಕಳಿಸಿ; ಸಿ3, ಸಿ4ಕ್ಕೆ ರಕ್ತವನ್ನು ಅಲ್ಲಿ ತೆಗೆಯುವುದು ಬೇಡ, ರೋಗಿಯನ್ನೇ ಬಳ್ಳಾರಿಗೆ ಬೆಳಗಿನ ಬಸ್ಸಿಗೆ ಹತ್ತಿಸಿ.